ಐದು ಸಾಲಿನ ‘ಪ್ಯಾನಿಕ್’

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಸಿಕ್ಕ ರಜೆಯಲ್ಲಿ ನಾನು ಅಬ್ಬಾ ಅವರ ಕಿರಾಣಿ ಅಂಗಡಿಗೆ ಒಂದು ಉದ್ರಿ ಲೆಕ್ಕದ ಪ್ರೋಗ್ರಾಮ್ ಬರೆದೆ. ನಮ್ಮ ತರಗತಿಯಲ್ಲಿ ಬಹಳ ಜನರಿಗೆ ಇದು ಗೊತ್ತು, ಏಕೆಂದರೆ ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಆ ಪ್ರೋಗ್ರಾಮ್ ಮಾಡಿದ ಅನಾಹುತವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಈ ಲೇಖನ ಆಪರೇಟಿಂಗ್ ಸಿಸ್ಟಮ್‌ಗಳು ದೊಡ್ಡ ತಪ್ಪು ಕಂಡಾಗ ಏನು ಮಾಡುತ್ತವೆ ಎಂಬುದರ ಬಗ್ಗೆ. ಆದರೆ ನನಗೆ ಅದು ಅರ್ಥವಾದದ್ದು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಪ್ರೋಗ್ರಾಮ್ ಸರಳವಾಗಿತ್ತು. ಗಿರಾಕಿಯ ಹೆಸರು, ಉದ್ರಿಯೋ ಜಮಾನೋ, ಎಷ್ಟು ರೂಪಾಯಿ, ಇಷ್ಟನ್ನು ಕೇಳಿ ಬಾಕಿಯನ್ನು ಫೈಲಿನಲ್ಲಿ ಬರೆದಿಡುತ್ತಿತ್ತು. ಪೈಥಾನ್ ಪಾಠದಲ್ಲಿ ‘ಟ್ರೈ’, ‘ಎಕ್ಸೆಪ್ಟ್’ ಕಲಿತಿದ್ದೆವಲ್ಲ, ಅದನ್ನು ಧಾರಾಳವಾಗಿ ಬಳಸಿದ್ದೆ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಕೆಂಪು ಅಕ್ಷರದ ಎರರ್ ಬಂದು ಮರ್ಯಾದೆ ಹೋಗಬಾರದು ಎಂಬ ಆಸೆ. ಯಾವ ತಪ್ಪಾದರೂ ಆಗಲಿ, ‘ಎಕ್ಸೆಪ್ಟ್’ ಕೆಳಗೆ ‘ಪಾಸ್’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಕೇಳುವಾಗ ಆ ಪದ ‘ಅಕ್ಸೆಪ್ಟ್’ ಎಂದೇ ಕೇಳಿಸುತ್ತದೆ. ನಾನು ಮಾಡಿದ್ದೂ ಅದನ್ನೇ, ಎಲ್ಲ ತಪ್ಪನ್ನೂ ಒಪ್ಪಿಕೊಂಡು ಸುಮ್ಮನಾದೆ. ಎರಡು ವಾರ ಪ್ರೋಗ್ರಾಮ್ ಒಮ್ಮೆಯೂ ನಿಲ್ಲಲಿಲ್ಲ. ಅಬ್ಬಾ ಖುಷಿಯಾಗಿ ಕೆಂಪು ಬಟ್ಟೆಯ ಉದ್ರಿ ಪುಸ್ತಕವನ್ನು ಎತ್ತಿ ಮೇಲಿನ ಅಟ್ಟಣಿಗೆಯಲ್ಲಿಟ್ಟರು.

ಬಸ್ ನಿಲ್ದಾಣದ ಬಳಿ ಹೂವು ಮಾರುವ ಒಬ್ಬ ಅಜ್ಜಿ ನಮ್ಮ ಹಳೆಯ ಗಿರಾಕಿ. ಒಂದು ಸಂಜೆ ಅವರು ಸಕ್ಕರೆ, ಚಹಾಪುಡಿ ಕೇಳಿದಾಗ ಅಬ್ಬಾ ಪರದೆ ನೋಡಿ, “ಅಮ್ಮಾ, ಬಾಕಿ ಸಾವಿರದ ಇನ್ನೂರ ನಲವತ್ತಾಗಿದೆ, ಸ್ವಲ್ಪ ನೋಡಿ” ಎಂದರು. ಅಜ್ಜಿ, “ಸಾಬ್ರೇ, ಶುಕ್ರವಾರ ಐನೂರು ಕೊಟ್ನಲ್ಲ” ಎಂದರು. ಅಬ್ಬಾ ಮತ್ತೆ ಪರದೆ ನೋಡಿದರು. ನಾನು ಪಕ್ಕದಲ್ಲೇ ಇದ್ದೆ. “ಕಂಪ್ಯೂಟರ್‌ನಲ್ಲಿ ಇಲ್ಲ ಅಜ್ಜಿ” ಎಂದು ಹೇಳಿದವನು ನಾನೇ. ಅಜ್ಜಿ ಏನೂ ಮಾತಾಡಲಿಲ್ಲ. ಸೊಂಟದ ಚೀಲ ಬಿಚ್ಚಿ ಇದ್ದ ಇನ್ನೂರು ರೂಪಾಯಿಯನ್ನು ಎಣಿಸಿ ಗಲ್ಲೆಯ ಮೇಲಿಟ್ಟು, ಸಕ್ಕರೆ ತೆಗೆದುಕೊಳ್ಳದೆ ಹೋದರು. ನಾಲ್ಕು ದಿನ ಬರಲಿಲ್ಲ.

ನಾಲ್ಕನೇ ದಿನ ರಾತ್ರಿ ಅಬ್ಬಾ ಅವರನ್ನು ಪಕ್ಕ ಕೂರಿಸಿಕೊಂಡು, ಒಂದು ಎಂಟ್ರಿ ಮಾಡಿ ತೋರಿಸಿ ಎಂದೆ. ಅವರು ಮೂವತ್ತು ವರ್ಷದಿಂದ ಪುಸ್ತಕದಲ್ಲಿ ಹೇಗೆ ಬರೆಯುತ್ತಿದ್ದರೋ ಹಾಗೆಯೇ ಒತ್ತಿದರು: 500, ಓರೆಗೆರೆ, ಅಡ್ಡಗೆರೆ. ಆ ಎರಡು ಗೆರೆಗಳಿಂದ ಅದು ನನ್ನ ಪ್ರೋಗ್ರಾಮಿನ ಪಾಲಿಗೆ ಸಂಖ್ಯೆಯೇ ಆಗಿರಲಿಲ್ಲ. ಒಳಗೆ ಎರರ್ ಬಂತು, ನನ್ನ ‘ಪಾಸ್’ ಅದನ್ನು ನುಂಗಿತು, ಪರದೆಯ ಮೇಲೆ ‘ದಾಖಲಾಯಿತು’ ಎಂದು ಬಂತು. ಅಮ್ಮಿ ಒತ್ತಿದ ಎಂಟ್ರಿಗಳೆಲ್ಲ ಇದ್ದವು. ಅಬ್ಬಾ ಒತ್ತಿದವುಗಳಲ್ಲಿ ಎಷ್ಟು ಹೋಗಿವೆ ಎಂದು ಹುಡುಕೋಣವೆಂದರೆ ಹುಡುಕಲು ಗುರುತೇ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಅಬ್ಬಾ ಬಸ್ ನಿಲ್ದಾಣಕ್ಕೆ ಹೋಗಿ ಅಜ್ಜಿಗೆ ಬಾಕಿ 540 ಮಾತ್ರ ಎಂದು ಹೇಳಿ ಬಂದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಇಷ್ಟಾದ ಮೇಲೆ ನಾನು ಬುದ್ಧಿ ಕಲಿಯಬೇಕಿತ್ತು. ಕಲಿತೆ, ಆದರೆ ತಪ್ಪು ಪಾಠ. ತಪ್ಪುಗಳನ್ನು ನುಂಗುವ ಬದಲು ಪ್ರೋಗ್ರಾಮೇ ಸರಿಪಡಿಸಬೇಕು ಎಂದು ತೀರ್ಮಾನಿಸಿದೆ. ಒಟ್ಟು ಉದ್ರಿಯ ಮೊತ್ತವನ್ನು ಬೇರೆ ಫೈಲಿನಲ್ಲಿ ಇಟ್ಟೆ. ಪ್ರತಿ ಗಿರಾಕಿಯ ಬಾಕಿಯನ್ನು ಕೂಡಿದರೆ ಈ ಮೊತ್ತ ಬರಬೇಕು, ನಮ್ಮ ತಾಳೆಪಟ್ಟಿಯ ಹಾಗೆ. ತಾಳೆಯಾಗದಿದ್ದರೆ? ಅಕೌಂಟೆನ್ಸಿಯಲ್ಲಿ ಕಲಿತ ಸಸ್ಪೆನ್ಸ್ ಖಾತೆ ನೆನಪಾಯಿತು! ವ್ಯತ್ಯಾಸವನ್ನು ತಾನಾಗಿ ‘ಸಸ್ಪೆನ್ಸ್’ ಎಂಬ ಹೆಸರಿಗೆ ಹಾಕಿ, ಲೆಕ್ಕ ಸರಿಮಾಡಿಕೊಂಡು ಮುಂದೆ ಹೋಗುವಂತೆ ಬರೆದೆ. ಈ ಸರಿಪಡಿಸುವ ಭಾಗವೇ ಉಳಿದ ಪ್ರೋಗ್ರಾಮಿಗಿಂತ ಉದ್ದವಾಯಿತು. ಕಾಲೇಜು ಶುರುವಾದ ಮೇಲೆ ಹೆಮ್ಮೆಯಿಂದ ಲ್ಯಾಬಿನಲ್ಲಿ ನಮ್ಮ ಕಂಪ್ಯೂಟರ್ ಸೈನ್ಸ್ ಮೇಡಂಗೆ ತೋರಿಸಿದೆ. ಆಗ ಸಸ್ಪೆನ್ಸ್‌ನಲ್ಲಿ 1,385 ರೂ. ಇತ್ತು.

ಮೇಡಂ ಪೂರ್ತಿ ಓದಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: “ಈ 1,385 ಯಾರ ದುಡ್ಡು?”

ನನಗೆ ಉತ್ತರ ಗೊತ್ತಿರಲಿಲ್ಲ. ಪ್ರೋಗ್ರಾಮಿಗೂ ಗೊತ್ತಿರಲಿಲ್ಲ. ಅಕೌಂಟೆನ್ಸಿಯಲ್ಲಿ ಸಸ್ಪೆನ್ಸ್ ಖಾತೆ ಎಂದರೆ ತಪ್ಪು ಸಿಗುವವರೆಗಿನ ತಾತ್ಕಾಲಿಕ ಜಾಗ. ಲೆಕ್ಕ ಬರೆಯುವವನು ಆ ಮೇಲೆ ಕೂತು ತಪ್ಪನ್ನು ಹುಡುಕಿ ಆ ಖಾತೆಯನ್ನು ಮುಚ್ಚಬೇಕು. ನನ್ನ ಪ್ರೋಗ್ರಾಮ್ ಹುಡುಕುತ್ತಿರಲಿಲ್ಲ, ಮುಚ್ಚಿಡುತ್ತಿತ್ತು. ಮೇಡಂ ನನ್ನ ಕೋಡನ್ನು ಬದಿಗೆ ಸರಿಸಿ, 1975ರ ಯುನಿಕ್ಸ್‌ನ 6ನೇ ಆವೃತ್ತಿಯ ಒಂದು ಪುಟವನ್ನು ಪರದೆಯ ಮೇಲೆ ತೆರೆದರು. ಅಲ್ಲಿದ್ದದ್ದು ‘ಪ್ಯಾನಿಕ್’ ಎಂಬ ಫಂಕ್ಷನ್. ಅದರ ಒಳಗೆ ಇದ್ದದ್ದು ಐದೇ ಸಾಲು.

ಇನ್ನು ಪಾಠಕ್ಕೆ ಬರುತ್ತೇನೆ.

ಆಪರೇಟಿಂಗ್ ಸಿಸ್ಟಮ್‌ನ ನಡುಮನೆಯನ್ನು ಕರ್ನಲ್ ಎನ್ನುತ್ತಾರೆ. ಮೆಮೊರಿಯನ್ನು ಹಂಚುವುದು, ಡಿಸ್ಕಿಗೆ ಬರೆಯುವುದು, ಯಾವ ಪ್ರೋಗ್ರಾಮ್ ಯಾವಾಗ ಓಡಬೇಕು ಎಂದು ನೋಡಿಕೊಳ್ಳುವುದು ಎಲ್ಲ ಅದರ ಕೆಲಸ. ನನ್ನ ಉದ್ರಿ ಪ್ರೋಗ್ರಾಮ್ ಕುಸಿದರೆ ಕರ್ನಲ್ ಅದರ ಮೆಮೊರಿಯನ್ನು ವಾಪಸು ಪಡೆದು, ತೆರೆದಿಟ್ಟ ಫೈಲುಗಳನ್ನು ಮುಚ್ಚಿ, ಜಾಗ ಚೊಕ್ಕಟ ಮಾಡುತ್ತದೆ. ಆದರೆ ಕರ್ನಲ್ಲೇ ತಪ್ಪಿದರೆ ಅದನ್ನು ಹಿಡಿಯಲು ಕೆಳಗೆ ಇನ್ನೊಬ್ಬರಿಲ್ಲ. ಮಾರಕ ಎರರ್ ಎಂದರೆ ಇಂಥದ್ದು. ಬಳಕೆದಾರ ತಪ್ಪು ಒತ್ತಿದ ಎಂಬುದಲ್ಲ, ಕರ್ನಲ್ ತಾನು ಬರೆದಿಟ್ಟುಕೊಂಡ ಲೆಕ್ಕವೇ ತನಗೆ ತಾಳೆಯಾಗುತ್ತಿಲ್ಲ ಎಂಬ ಸ್ಥಿತಿ. ಅದನ್ನು ಹೇಗೆ ನಿಭಾಯಿಸಬೇಕು ಎಂಬುದರಲ್ಲಿ ಹಿಂದಿನಿಂದಲೂ ಎರಡು ಅಭಿಪ್ರಾಯಗಳಿವೆ.

ಯುನಿಕ್ಸ್ ಬರುವ ಮೊದಲು ಮಲ್ಟಿಕ್ಸ್ ಎಂಬ ದೊಡ್ಡ ಸಿಸ್ಟಮ್ ಇತ್ತು. ಅಮೆರಿಕದ ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ 1960ರ ದಶಕದಲ್ಲಿ ಸೇರಿ ಶುರು ಮಾಡಿದ ಯೋಜನೆ. ವಿದ್ಯುತ್ ಮತ್ತು ಟೆಲಿಫೋನ್ ಹಾಗೆ ಕಂಪ್ಯೂಟರ್ ಸೇವೆ ಹಗಲು ರಾತ್ರಿ ಸಿಗುತ್ತಿರಬೇಕು ಎಂಬುದು ಅದರ ಗುರಿ. ಬೆಲ್ ಲ್ಯಾಬ್ಸ್ 1969ರಲ್ಲಿ ಅದರಿಂದ ಹೊರಬಂತು. ಅಲ್ಲಿನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಸಣ್ಣ ಯಂತ್ರಗಳ ಮೇಲೆ ಯುನಿಕ್ಸ್ ಕಟ್ಟಿದರು. ಮಲ್ಟಿಕ್ಸ್‌ನಲ್ಲಿ ಕೆಲಸ ಮಾಡಿದ ಟಾಮ್ ವ್ಯಾನ್ ವ್ಲೆಕ್ ಒಂದು ಸಂಗತಿಯನ್ನು ನೆನಪಿಸಿಕೊಂಡಿದ್ದಾರೆ. ತಾನು ಬರೆಯುತ್ತಿರುವ ಕೋಡಿನಲ್ಲಿ ಅರ್ಧದಷ್ಟು ಎರರ್‌ನಿಂದ ಚೇತರಿಸಿಕೊಳ್ಳುವುದಕ್ಕೇ ಹೋಗುತ್ತಿದೆ ಎಂದು ಅವರು ರಿಚಿಯವರಿಗೆ ಹೇಳಿದರಂತೆ. ರಿಚಿ, ನಾವು ಅದನ್ನೆಲ್ಲ ಬಿಟ್ಟುಬಿಟ್ಟೆವು, ಎರರ್ ಬಂದರೆ ಪ್ಯಾನಿಕ್ ಎಂಬ ಫಂಕ್ಷನ್ ಕರೆಯುತ್ತೇವೆ, ಯಂತ್ರ ನಿಲ್ಲುತ್ತದೆ, ಆಮೇಲೆ ಪಡಸಾಲೆಯ ಆ ತುದಿಗೆ ಕೂಗಿ ಮತ್ತೆ ಚಾಲೂ ಮಾಡಿ ಎನ್ನುತ್ತೇವೆ ಎಂಬರ್ಥದ ಉತ್ತರ ಕೊಟ್ಟರಂತೆ.

ಮೊದಲ ಬಾರಿ ಕೇಳಿದಾಗ ನನಗೆ ಇದು ಸೋಮಾರಿತನ ಅನ್ನಿಸಿತು. ಐದು ಸಾಲನ್ನು ಒಂದೊಂದಾಗಿ ನೋಡಿದಾಗ ಅಭಿಪ್ರಾಯ ಬದಲಾಯಿತು. ಮೊದಲ ಸಾಲು ತಪ್ಪಿನ ಸಂದೇಶವನ್ನು ಒಂದು ಗೊತ್ತಾದ ಜಾಗದಲ್ಲಿ ಇಡುತ್ತದೆ. ಆ ಕಾಲದಲ್ಲಿ ಕನ್ಸೋಲ್ ಆಫ್ ಆಗಿರುವ ಸಾಧ್ಯತೆ ಇತ್ತು. ಆಗಲೂ ಯಾರಾದರೂ ಮೆಮೊರಿಯಲ್ಲಿ ಹುಡುಕಿದರೆ ಸಂದೇಶ ಸಿಗಬೇಕು. ಎರಡನೆಯದು ಮೆಮೊರಿಯಲ್ಲಿ ಉಳಿದಿರುವ ಬರಹಗಳನ್ನು ಡಿಸ್ಕಿಗೆ ಬರೆಯಲು ಹೇಳುತ್ತದೆ. ಮೂರನೆಯದು ‘ಪ್ಯಾನಿಕ್’ ಎಂದು ಬರೆದು ಪಕ್ಕದಲ್ಲಿ ಆ ಸಂದೇಶವನ್ನು ಮುದ್ರಿಸುತ್ತದೆ. ಕೊನೆಯ ಎರಡು ಸಾಲು ಸೇರಿ ಕೊನೆಯಿಲ್ಲದ ಒಂದು ಸುತ್ತು, ಅದರಲ್ಲಿ ಯಂತ್ರ ಸುಮ್ಮನೆ ಕೂತಿರುತ್ತದೆ. ಪ್ಯಾನಿಕ್ ಎಂದರೆ ಗಾಬರಿ, ನಮ್ಮ ಮನೆಯ ಮಾತಿನಲ್ಲಿ ಘಬರಾಹಟ್. ನಾನು ಕಂಡ ಕೋಡುಗಳಲ್ಲಿ ಇಷ್ಟು ಸಮಾಧಾನವಾಗಿರುವುದು ಇನ್ನೊಂದಿಲ್ಲ. ಈ ಕರ್ನಲ್ ಪೂರ್ತಿ ಸೇರಿ ಸುಮಾರು ಒಂಬತ್ತು ಸಾವಿರ ಸಾಲು ಮಾತ್ರ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅದನ್ನು ವಿವರಣೆಯ ಸಮೇತ ತಮ್ಮ ವಿದ್ಯಾರ್ಥಿಗಳಿಗೆ ಪುಸ್ತಕ ಮಾಡಿಕೊಟ್ಟಿದ್ದರು. ಅದು ಜೆರಾಕ್ಸ್ ಪ್ರತಿಗಳಲ್ಲಿ ಲೋಕವೆಲ್ಲ ಸುತ್ತಿತು. ನೋಟ್ಸ್ ಜೆರಾಕ್ಸ್ ಮಾಡಿಸುವ ನಮಗೆ ಇದು ಹೊಸದಲ್ಲ.

ಇಷ್ಟು ಕಡಿಮೆ ಮಾಡುವುದು ಏಕೆ ಒಳ್ಳೆಯದು? ಎರಡು ಕಾರಣ ನನಗೆ ಅರ್ಥವಾಗಿದೆ.

ಚೇತರಿಕೆಯ ಕೋಡು ಬಹಳ ಅಪರೂಪಕ್ಕೆ ಓಡುತ್ತದೆ. ದಿನಾ ಓಡುವ ಕೋಡಿನ ತಪ್ಪು ದಿನಾ ಕಣ್ಣಿಗೆ ಬೀಳುತ್ತದೆ. ವರ್ಷಕ್ಕೊಮ್ಮೆ ಓಡುವ ಕೋಡಿನ ತಪ್ಪು ಆ ಒಂದು ದಿನದವರೆಗೆ ಅಡಗಿ ಕೂತಿರುತ್ತದೆ, ಅದೂ ಎಲ್ಲವೂ ಕೆಟ್ಟಿರುವ ದಿನವೇ ಹೊರಬರುತ್ತದೆ. ನನ್ನ ಸಸ್ಪೆನ್ಸ್ ಭಾಗವನ್ನು ನಾನು ಪರೀಕ್ಷೆ ಮಾಡಿದ್ದು ಎರಡೇ ಬಾರಿ.

ಎರಡನೆಯ ಕಾರಣ ಇನ್ನೂ ಮುಖ್ಯ. ಕರ್ನಲ್ ತನ್ನ ಲೆಕ್ಕ ತಪ್ಪಿದೆ ಎಂದು ಕಂಡುಕೊಂಡಾಗ, ಯಾವ ಭಾಗ ಸರಿ, ಯಾವ ಭಾಗ ತಪ್ಪು ಎಂಬುದು ಅದಕ್ಕೆ ತಿಳಿದಿರುವುದಿಲ್ಲ. ಎರರ್ ನಿಭಾಯಿಸುವ ಕೋಡು ಕೂಡ ಅದೇ ಕೆಟ್ಟ ಮೆಮೊರಿಯ ಮೇಲೆ ನಿಂತು ಓಡಬೇಕು. ಆದ್ದರಿಂದ ಅದರ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಬೇಕು: ಈಗ, ಈ ಹೊತ್ತಿನಲ್ಲಿ, ಇದನ್ನು ನಂಬಬಹುದೇ? ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದರೆ ಆ ಐದು ಸಾಲಿನಲ್ಲೂ ಒಂದು ಅನುಮಾನದ ಸಾಲಿದೆ. ಯಾವುದೆಂದು ಊಹಿಸಿ. ಎರಡನೆಯದು, ಡಿಸ್ಕಿಗೆ ಬರೆಯುವುದು. ಮೆಮೊರಿಯಲ್ಲಿರುವುದು ಹಾಳಾಗಿದ್ದರೆ ಆ ಹಾಳನ್ನೇ ಡಿಸ್ಕಿನಲ್ಲಿ ಶಾಶ್ವತ ಮಾಡಿದಂತಾಗುತ್ತದೆ. ಬರೆಯದಿದ್ದರೆ ಬಳಕೆದಾರನ ಕೊನೆಯ ಕೆಲವು ಕ್ಷಣಗಳ ಕೆಲಸ ಹೋಗುತ್ತದೆ. ಆ ಕಾಲದವರು ಬರೆಯುವುದನ್ನು ಆರಿಸಿಕೊಂಡರು.

ಮುಂದಿನವರು ಈ ಸಾಲನ್ನು ತಿದ್ದುತ್ತಾ ಬಂದರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ತಯಾರಾದ ಬಿಎಸ್‌ಡಿ ಯುನಿಕ್ಸ್‌ನ 1983ರ 4.2 ಆವೃತ್ತಿಯಲ್ಲಿ ಪ್ಯಾನಿಕ್ ಶುರುವಿನಲ್ಲೇ ಮೊದಲ ಸಾಲಿನ ಆ ಗೊತ್ತಾದ ಜಾಗವನ್ನು ನೋಡುತ್ತದೆ. ಅಲ್ಲಿ ಈಗಾಗಲೇ ಸಂದೇಶವಿದ್ದರೆ ಇದು ಪ್ಯಾನಿಕ್‌ನ ಒಳಗೆ ಬಂದ ಎರಡನೇ ಪ್ಯಾನಿಕ್ ಎಂದರ್ಥ. ಆಗ ಡಿಸ್ಕಿಗೆ ಬರೆಯುವ ಗೋಜಿಗೆ ಹೋಗದೆ ನೇರ ರೀಬೂಟ್ ಮಾಡುತ್ತದೆ. ಎಂಐಟಿಯವರು 2006ರಲ್ಲಿ ವಿದ್ಯಾರ್ಥಿಗಳಿಗಾಗಿ ಅದೇ 6ನೇ ಆವೃತ್ತಿಯ ಮಾದರಿಯಲ್ಲಿ ಎಕ್ಸ್‌ವಿ6 ಎಂಬ ಪುಟ್ಟ ಸಿಸ್ಟಮ್ ಬರೆದರು. ಅದರ ಪ್ಯಾನಿಕ್ ಡಿಸ್ಕನ್ನು ಮುಟ್ಟುವುದೇ ಇಲ್ಲ.

ಆದರೆ ಎಕ್ಸ್‌ವಿ6ನಲ್ಲಿ ಒಂದು ಹೊಸ ಸಾಲಿದೆ. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು. ಈಗಿನ ಯಂತ್ರಗಳಲ್ಲಿ ಹಲವು ಪ್ರೊಸೆಸರ್‌ಗಳು ಒಟ್ಟಿಗೆ ಓಡುತ್ತವೆ. ಎರಡು ಪ್ರೊಸೆಸರ್‌ಗಳ ಅಕ್ಷರಗಳು ಪರದೆಯ ಮೇಲೆ ಕಲಸಿಹೋಗಬಾರದೆಂದು ಮುದ್ರಿಸುವ ಮೊದಲು ಒಂದು ಬೀಗ ಹಿಡಿಯಬೇಕು. ಬೀಗ ಹಿಡಿದವನೇ ಪ್ಯಾನಿಕ್ ಆದರೆ? ಪ್ಯಾನಿಕ್ ಸಂದೇಶ ಮುದ್ರಿಸಲು ಹೋಗುತ್ತದೆ, ಬೀಗಕ್ಕಾಗಿ ಕಾಯುತ್ತದೆ, ಬೀಗ ಮಾತ್ರ ತನ್ನ ಕೈಯಲ್ಲೇ ಇರುತ್ತದೆ. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಯವನು ತಲೆ ಸುತ್ತಿ ಬಿದ್ದ ಹಾಗೆ. ಯಂತ್ರ ಒಂದು ಮಾತನ್ನೂ ಹೇಳದೆ ಹೆಪ್ಪುಗಟ್ಟುತ್ತದೆ. ಅದಕ್ಕಾಗಿ ಎಕ್ಸ್‌ವಿ6 ಪ್ಯಾನಿಕ್‌ನ ಮೊದಲ ಕೆಲಸವೆಂದರೆ, ಇನ್ನು ಮುಂದೆ ಮುದ್ರಿಸಲು ಬೀಗ ಬೇಡ ಎಂದು ಹೇಳುವುದು. ಅಕ್ಷರ ಕಲಸಿಹೋದರೂ ಪರವಾಗಿಲ್ಲ, ಮಾತು ಹೊರಬಂದರೆ ಸಾಕು. ಆಮೇಲೆ ಬೇರೆ ಪ್ರೊಸೆಸರ್‌ಗಳು ಏನೂ ಮುದ್ರಿಸದಂತೆ ಒಂದು ಗುರುತು ಹಾಕಿ ತಾನು ನಿಂತುಬಿಡುತ್ತದೆ.

ಹಾಗಾದರೆ ಎಲ್ಲ ತಪ್ಪಿಗೂ ನಿಲ್ಲಿಸಿಬಿಡುವುದೇ? ಇಲ್ಲಿಯೂ ಎಕ್ಸ್‌ವಿ6 ಒಳ್ಳೆಯ ಉದಾಹರಣೆ. ಅದರಲ್ಲಿ ಡಿಸ್ಕಿನ ಒಂದು ಬ್ಲಾಕನ್ನು ಖಾಲಿ ಎಂದು ಗುರುತು ಮಾಡುವಾಗ, ಅದು ಈಗಾಗಲೇ ಖಾಲಿ ಎಂದು ಬರೆದಿದ್ದರೆ ಪ್ಯಾನಿಕ್ ಆಗುತ್ತದೆ. ಇದು ಸರಿ, ಏಕೆಂದರೆ ಒಂದೇ ಬ್ಲಾಕನ್ನು ಎರಡು ಸಲ ಬಿಟ್ಟುಕೊಡಲು ಸಾಧ್ಯವಿಲ್ಲ, ಲೆಕ್ಕ ಎಲ್ಲೋ ಮೊದಲೇ ತಪ್ಪಿದೆ. ಆದರೆ ಹಳೆಯ ಆವೃತ್ತಿಗಳಲ್ಲಿ ಡಿಸ್ಕ್ ತುಂಬಿ ಬ್ಲಾಕ್ ಸಿಗದಿದ್ದರೂ ಪ್ಯಾನಿಕ್ ಆಗುತ್ತಿತ್ತು. ಡಿಸ್ಕ್ ತುಂಬುವುದು ಲೆಕ್ಕದ ತಪ್ಪಲ್ಲ, ದಿನನಿತ್ಯದ ಸಂಗತಿ. ಅಕ್ಕಿ ಖಾಲಿಯಾಯಿತೆಂದು ಯಾರೂ ಅಂಗಡಿಯ ಶಟರ್ ಎಳೆಯುವುದಿಲ್ಲ, ‘ಇಲ್ಲ’ ಎಂದು ಗಿರಾಕಿಗೆ ಹೇಳುತ್ತಾರೆ. ಇತ್ತೀಚಿನ ಆವೃತ್ತಿಯಲ್ಲಿ ಆ ಪ್ಯಾನಿಕ್ ತೆಗೆದು, ಒಂದು ಸಾಲು ಮುದ್ರಿಸಿ ‘ಸಿಗಲಿಲ್ಲ’ ಎಂದು ಕೇಳಿದವರಿಗೆ ವಾಪಸು ಹೇಳುವಂತೆ ಬದಲಿಸಿದ್ದಾರೆ. ಈ ಅಳತೆಯಿಂದ ನೋಡಿದರೆ ಅಬ್ಬಾ ಒತ್ತಿದ ಓರೆಗೆರೆ ಯಾವ ವರ್ಗದ್ದು? ಮಾರಕವೇನೂ ಅಲ್ಲ. ‘ಸಂಖ್ಯೆ ಮಾತ್ರ ಒತ್ತಿ’ ಎಂದು ಮತ್ತೆ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಟ್ಟು ಮೊತ್ತ ತಾಳೆಯಾಗದಿರುವುದು ಮಾತ್ರ ಮಾರಕ. ನಾನು ಮೊದಲನೆಯದನ್ನು ನುಂಗಿದೆ, ಎರಡನೆಯದಕ್ಕೆ ಬಣ್ಣ ಬಳಿದೆ.

ಲಿನಕ್ಸ್‌ನವರಲ್ಲಿ ಈ ಗೆರೆ ಎಲ್ಲಿ ಎಳೆಯಬೇಕೆಂಬ ಜಗಳ ಇನ್ನೂ ಮುಗಿದಿಲ್ಲ. ಅಲ್ಲಿ ‘ಬಗ್’ ಎಂಬ ಒಂದು ಸೌಲಭ್ಯ ಇದೆ, ಹೀಗಾಗಲು ಸಾಧ್ಯವೇ ಇಲ್ಲ ಎಂಬ ಜಾಗದಲ್ಲಿ ಅದನ್ನಿಟ್ಟರೆ ಅಲ್ಲಿಗೆ ಬಂದಾಗ ಆ ಕೆಲಸವನ್ನು ಅಲ್ಲೇ ಕೊಂದುಹಾಕುತ್ತದೆ. ಬರೆಯುವವರಿಗೆ ಇದು ಬಹಳ ಸುಲಭ, ಯೋಚನೆ ಮಾಡದೆ ಎಲ್ಲೆಡೆ ಹಾಕಿಬಿಡುತ್ತಾರೆ. ಲಿನಸ್ ಟೊರ್ವಾಲ್ಡ್ಸ್ ಇದಕ್ಕೆ ಹಲವು ಬಾರಿ ಸಿಟ್ಟಾಗಿದ್ದಾರೆ. ಈಗ ಲಿನಕ್ಸ್‌ನ ಸ್ವಂತ ಮಾರ್ಗದರ್ಶಿಯೇ ಹೊಸ ಕೋಡಿನಲ್ಲಿ ‘ಬಗ್’ ಬೇಡ, ‘ವಾರ್ನ್’ ಬಳಸಿ, ಎಚ್ಚರಿಕೆ ಮುದ್ರಿಸಿ ಸಾಧ್ಯವಾದಷ್ಟು ನಾಜೂಕಾಗಿ ಮುಂದುವರಿಯಿರಿ ಎನ್ನುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಸೌಂಡ್ ಕಾರ್ಡಿನ ಡ್ರೈವರ್ ತಪ್ಪಿತೆಂದು ಬರೆಯುತ್ತಿದ್ದ ಪ್ರಾಜೆಕ್ಟ್ ರಿಪೋರ್ಟ್ ಹೋಗುವುದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೆ ಅದೇ ಲಿನಕ್ಸ್‌ನಲ್ಲಿ, ಒಂದು ಎಚ್ಚರಿಕೆ ಬಂದರೂ ಯಂತ್ರವನ್ನು ನಿಲ್ಲಿಸು ಎಂದು ಹೇಳುವ ಸೆಟ್ಟಿಂಗ್ ಕೂಡ ಇದೆ. ಒಂದು ಯಂತ್ರ ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಕಡೆ, ತಪ್ಪು ಲೆಕ್ಕದೊಡನೆ ಓಡುವುದಕ್ಕಿಂತ ನಿಲ್ಲುವುದೇ ಮೇಲು ಎನ್ನುವವರು ಅದನ್ನು ಹಾಕಿಕೊಳ್ಳುತ್ತಾರೆ. ದುಡ್ಡಿನ ಲೆಕ್ಕ ಇಟ್ಟಿರುವ ಯಂತ್ರದಲ್ಲಿ ನಾನಾದರೆ ಈ ಎರಡನೆಯವರ ಕಡೆ.

ನಿಂತ ಮೇಲೆ ಏನು ಎಂಬುದನ್ನೂ ನೋಡಬೇಕು. ರಿಚಿಯವರ ಉತ್ತರದಲ್ಲಿ ಒಂದು ಪಡಸಾಲೆ ಇತ್ತು, ಅದರ ತುದಿಯಲ್ಲಿ ಒಬ್ಬ ಮನುಷ್ಯ ಇದ್ದ. ಇವತ್ತು ಸರ್ವರ್ ಎಲ್ಲೋ ಇರುತ್ತದೆ, ಕೂಗಿದರೆ ಕೇಳುವವರಿಲ್ಲ. ಅದಕ್ಕೇ ಲಿನಕ್ಸ್‌ಗೆ, ಪ್ಯಾನಿಕ್ ಆದ ಇಷ್ಟು ಸೆಕೆಂಡಿಗೆ ನೀನೇ ರೀಬೂಟ್ ಆಗು ಎಂದು ಮೊದಲೇ ಹೇಳಿಡಬಹುದು. ಆದರೆ ರೀಬೂಟ್ ಆದರೆ ತಪ್ಪಿನ ಸಾಕ್ಷಿ ಅಳಿಸಿಹೋಗುತ್ತದೆ. ಇದಕ್ಕೆ ಅವರು ಕಂಡುಕೊಂಡ ಉಪಾಯ ನಮ್ಮ ಕಾಮರ್ಸ್‌ನವರಿಗೆ ಇಷ್ಟವಾಗುವಂಥದ್ದು. ಯಂತ್ರ ಶುರುವಾಗುವಾಗಲೇ ಮೆಮೊರಿಯ ಒಂದು ಮೂಲೆಯನ್ನು ಕಾಯ್ದಿರಿಸಿ ಅಲ್ಲಿ ಎರಡನೆಯ ಪುಟ್ಟ ಕರ್ನಲ್ಲನ್ನು ತಯಾರಾಗಿ ಇಡುತ್ತಾರೆ. ಅದಕ್ಕೆ ಕೆಡಂಪ್ ಎಂದು ಹೆಸರು. ದೊಡ್ಡ ಕರ್ನಲ್ ಪ್ಯಾನಿಕ್ ಆದ ತಕ್ಷಣ ಅಧಿಕಾರವನ್ನು ಈ ಪುಟ್ಟದಕ್ಕೆ ಒಪ್ಪಿಸುತ್ತದೆ. ಅದು ಎದ್ದು, ಬಿದ್ದವನ ಮೆಮೊರಿಯನ್ನು ಪ್ರತಿ ತೆಗೆದು ಡಿಸ್ಕಿನಲ್ಲಿಟ್ಟು ಯಂತ್ರವನ್ನು ಮರಳಿ ಚಾಲೂ ಮಾಡುತ್ತದೆ. ಲೆಕ್ಕ ತಪ್ಪಿದ ಗುಮಾಸ್ತನ ಕೈಯಲ್ಲೇ ಆಡಿಟ್ ಮಾಡಿಸದೆ ಹೊರಗಿನ ಆಡಿಟರ್ ಕರೆಸಿದಂತೆ.

ರೀಬೂಟ್ ಒಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19ರಂದು ಜಗತ್ತೇ ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿಯ ತಂತ್ರಾಂಶ ವಿಂಡೋಸ್ ಕರ್ನಲ್‌ನ ಒಳಗೆ ಓಡುತ್ತದೆ. ಅಂದು ಬಂದ ಒಂದು ಅಪ್‌ಡೇಟ್ ಫೈಲ್ 21ನೇ ಮಾಹಿತಿಯನ್ನು ನೋಡು ಎಂದಿತು, ಆದರೆ ಕೋಡು ಕೊಟ್ಟಿದ್ದು 20 ಮಾತ್ರ. ಇಲ್ಲದ ಜಾಗವನ್ನು ಓದಲು ಹೋದ ಕೂಡಲೇ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತಿತು. ನಿಂತದ್ದು ಸರಿಯೇ. ಆದರೆ ರೀಬೂಟ್ ಆದ ಯಂತ್ರ ಮತ್ತೆ ಅದೇ ಫೈಲನ್ನು ಓದಿತು, ಮತ್ತೆ ನಿಂತಿತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ಯಂತ್ರಗಳು. ಎಷ್ಟೋ ಕಡೆ ಜನ ಒಂದೊಂದೇ ಯಂತ್ರದ ಮುಂದೆ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಫೈಲನ್ನು ಕೈಯಾರೆ ಅಳಿಸಬೇಕಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟ ಫೋಟೋಗಳು ಅಂದು ಎಲ್ಲರ ಮೊಬೈಲಿಗೂ ಬಂದಿದ್ದವು. ನನಗೂ ಬಂದಿತ್ತು. ಆಗ ನಕ್ಕಿದ್ದೆ.

ಈಗ ನನ್ನ ಪ್ರೋಗ್ರಾಮಿನ ವಿಷಯ. ಸರಿಪಡಿಸುವ ಭಾಗವನ್ನು ಪೂರ್ತಿ ಅಳಿಸಿದೆ. ಅದರ ಜಾಗದಲ್ಲಿ ‘ನಿಲ್ಲಿಸು’ ಎಂಬ ಒಂದು ಫಂಕ್ಷನ್ ಬರೆದೆ, ಮೂರು ಸಾಲು: ಏನು ತಪ್ಪು ಎಂದು ಮುದ್ರಿಸುತ್ತದೆ, ‘ಪುಸ್ತಕದಲ್ಲಿ ಬರೆಯಿರಿ’ ಎಂದು ಮುದ್ರಿಸುತ್ತದೆ, ನಿಲ್ಲುತ್ತದೆ. ಫೈಲನ್ನು ಮುಟ್ಟುವುದಿಲ್ಲ. ಒಟ್ಟು ತಾಳೆಯಾಗದಿದ್ದರೆ, ಬಾಕಿ ಇದ್ದಕ್ಕಿಂತ ಹೆಚ್ಚು ಜಮಾ ಬಂದರೆ, ಗೊತ್ತಿಲ್ಲದ ಹೆಸರಿನ ಸಾಲು ಫೈಲಿನಲ್ಲಿ ಕಂಡರೆ ‘ನಿಲ್ಲಿಸು’. (ಎರಡನೆಯದನ್ನು ಆಮೇಲೆ ತೆಗೆದೆ. ಕೆಲವರು ಮುಂಗಡ ಕೊಟ್ಟಿಡುತ್ತಾರೆ ಎಂದು ಅಮ್ಮಿ ಹೇಳಿದ ಮೇಲೆ.) ಅಟ್ಟಣಿಗೆಯ ಮೇಲಿದ್ದ ಕೆಂಪು ಪುಸ್ತಕವನ್ನು ಕೆಳಗಿಳಿಸಿ ಕೀಬೋರ್ಡ್ ಪಕ್ಕದಲ್ಲೇ ಇಟ್ಟೆವು.

ಮೊದಲ ಭಾನುವಾರವೇ ಅದು ನಿಂತಿತು, ಸಂಜೆ ಏಳಕ್ಕೆ, ಅಂಗಡಿ ತುಂಬ ಜನ ಇದ್ದಾಗ. ಅಬ್ಬಾ ಸಿಟ್ಟಾದರು. ಹಿಂದಿನದೇ ಚೆನ್ನಾಗಿತ್ತು, ಅದು ನಿಲ್ಲುತ್ತಿರಲಿಲ್ಲ ಎಂದರು. ಆದರೆ ಈ ಸಲ ತಪ್ಪು ನಡೆದು ಹತ್ತು ನಿಮಿಷವೂ ಆಗಿರಲಿಲ್ಲ, ಹಾಗಾಗಿ ಹುಡುಕಲು ಸಾಧ್ಯವಾಯಿತು. ಆರು ಐವತ್ತಕ್ಕೆ ಕರೆಂಟ್ ಹೋಗಿ ಬಂದಿತ್ತು. ನನ್ನ ಪ್ರೋಗ್ರಾಮ್ ಮೊದಲು ಒಟ್ಟು ಮೊತ್ತವನ್ನು ಬರೆದು ಆಮೇಲೆ ಗಿರಾಕಿಯ ಬಾಕಿಯನ್ನು ಬರೆಯುತ್ತಿತ್ತು. ಎರಡರ ನಡುವೆ ಕರೆಂಟ್ ಹೋದರೆ ಒಟ್ಟಿನಲ್ಲಿ ಜಮಾ ಆಗುತ್ತದೆ, ಗಿರಾಕಿಯ ಹೆಸರಿನಲ್ಲಿ ಆಗುವುದಿಲ್ಲ. ಆ 1,385 ರೂ. ಹುಟ್ಟಿದ್ದೂ ಹೀಗೆಯೇ. ಅಂದರೆ ಅಷ್ಟು ದುಡ್ಡನ್ನು ಯಾರೋ ಕೊಟ್ಟಿದ್ದರು, ಅವರ ಬಾಕಿ ಮಾತ್ರ ಇಳಿದಿರಲಿಲ್ಲ. ಈಗ ಎರಡನ್ನೂ ಒಂದೇ ಹೊಸ ಫೈಲಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಹಳೆಯ ಫೈಲಿನ ಹೆಸರನ್ನು ಅದಕ್ಕೆ ಕೊಡುತ್ತೇನೆ. ನಡುವೆ ಕರೆಂಟ್ ಹೋದರೆ ಹಳೆಯ ಫೈಲ್ ಹಾಗೆಯೇ ಇರುತ್ತದೆ.

ಆ 1,385ರಲ್ಲಿ 900 ರೂ. ಮೂವರು ಗಿರಾಕಿಗಳದ್ದೆಂದು ಅವರನ್ನು ಕೇಳಿ ಪತ್ತೆ ಮಾಡಿದೆವು. ಉಳಿದ 485 ಯಾರದೆಂದು ತಿಳಿಯಲಿಲ್ಲ. ಅಬ್ಬಾ ಅದನ್ನು ಒಂದು ಲಕೋಟೆಯಲ್ಲಿ ಹಾಕಿ ಗಲ್ಲಾಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಇಟ್ಟಿದ್ದಾರೆ. ಅಮ್ಮಿ ಅದರ ಮೇಲೆ ಉರ್ದುವಿನಲ್ಲಿ ‘ಅಮಾನತ್’ ಎಂದು ಬರೆದಿದ್ದಾರೆ. ಸಸ್ಪೆನ್ಸ್ ಖಾತೆಯನ್ನು ಕನ್ನಡದಲ್ಲಿ ‘ಅನಾಮತ್ತು ಖಾತೆ’ ಎನ್ನುತ್ತಾರೆ, ಎರಡೂ ಒಂದೇ ಪದ ಎಂದು ನಮ್ಮ ಕನ್ನಡ ಸರ್ ಹೇಳಿದರು.

ಭಾನುವಾರದ ನಂತರ ಪ್ರೋಗ್ರಾಮ್ ಇನ್ನೂ ಮೂರು ಸಲ ನಿಂತಿದೆ. ನಮ್ಮ ಮನೆ ಅಂಗಡಿಯ ಮೇಲೆಯೇ ಇದೆ. ನಿಂತಾಗಲೆಲ್ಲ ಅಬ್ಬಾ ಪುಸ್ತಕ ತೆರೆದು ಪೆನ್ನು ಹಿಡಿದು, ಮೆಟ್ಟಿಲ ಕಡೆ ಮುಖ ಮಾಡಿ “ರುಕ್ ಗಯಾ!” ಎಂದು ಕೂಗುತ್ತಾರೆ. ನಾನು ಓದುತ್ತಿದ್ದ ಪುಸ್ತಕ ಬಿಟ್ಟು ಕೆಳಗೆ ಓಡುತ್ತೇನೆ.